ಗೇಟಿಗೆ ಬಂದ ಕುಂಕುಮ

ಗೌರಿ ಹಬ್ಬಕ್ಕೆ ಅರ್ಧ ದಿನ ರಜೆ ಕೇಳಿದರೆ ಮೂತಿ ತಿರುಗಿಸುವ ಕಂಪನಿ, ಈ ಸಲ ಗೌರಿಯನ್ನೇ ಗೇಟಿಗೆ ಕಳಿಸಿತು.

ಹುಣಸೂರು ರಸ್ತೆಯ ಗಾರ್ಮೆಂಟ್ಸ್ ಮುಂದೆ ನಾವು ಹೊಲಿಗೆಯವರೆಲ್ಲ ಧರಣಿ ಕೂತಿದ್ದೆವು. ಸಾಕಮ್ಮನನ್ನು ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುವವರೆಗೆ ಯಾರೂ ಒಳಗೆ ಹೋಗುವುದಿಲ್ಲ ಎಂದು. ಅವಳು ಮಾಡಿದ ತಪ್ಪಾದರೂ ಏನು? ಜ್ವರ ಬಂದಿದ್ದ ಪ್ರಿಯಾ ಮಿಷನ್ ಮೇಲೆಯೇ ಕುಸಿದಾಗ, "ಮೊದಲು ಟಾರ್ಗೆಟ್ ಮುಗಿಸಿ" ಎಂದ ಸೂಪರ್‌ವೈಸರ್ ಎದುರೇ ಇಡೀ ಲೈನಿನ ಸ್ವಿಚ್ ಆರಿಸಿದಳು. ಮರುದಿನ ಗೇಟಿನಲ್ಲೇ ಅವಳ ಕೆಲಸದ ಗುರುತಿನ ಕಾರ್ಡ್ ಕಿತ್ತುಕೊಂಡು ಹೊರಗೆ ಕಳಿಸಿದರು. ಮಾಲೀಕರು ಎರಡನೇ ಫ್ಯಾಕ್ಟರಿ ಕಟ್ಟುತ್ತಿದ್ದಾರೆ; ನಮ್ಮ ಲೈನಿನ ಫ್ಯಾನು ಬೇಸಿಗೆಯಿಂದಲೂ ಕೆಟ್ಟೇ ಇದೆ.

ಹಬ್ಬದ ಬೆಳಿಗ್ಗೆ ಎಚ್.ಆರ್. ಮೇಡಂ ರೇಷ್ಮೆ ಸೀರೆ ಉಟ್ಟು ತಟ್ಟೆ ಹಿಡಿದು ಬಂದರು. ಅರಿಶಿನ, ಕುಂಕುಮ, ರವಿಕೆ ಕಣ. ಆ ಬಟ್ಟೆಯೂ ನಮ್ಮದೇ ಕಟಿಂಗ್ ಸೆಕ್ಷನ್ನಿನಲ್ಲಿ ಉಳಿದದ್ದು. ಸಂಜೆಯೊಳಗೆ ಶರ್ಟಿನ ಕಂಟೇನರ್ ಹೊರಡಬೇಕಿತ್ತು, ಅದಕ್ಕೇ ಈ ಭಕ್ತಿ.

"ಹಬ್ಬದ ದಿನ ಬೀದಿಯಲ್ಲಿ ಕೂರಬಾರದಮ್ಮ. ಕುಂಕುಮ ತಗೊಂಡು ಒಳಗೆ ಬನ್ನಿ" ಎಂದರು.

ಮುತ್ತೈದೆಯರು ಕುಂಕುಮ ಬೇಡ ಎನ್ನುವುದಿಲ್ಲ. ಅದನ್ನು ನಂಬಿಕೊಂಡೇ ಮೇಡಂ ಬಂದಿದ್ದು. ತಟ್ಟೆ ಸಾಲಾಗಿ ಬಂತು. ಸಾಕಮ್ಮ ಗಂಡ ಸತ್ತವಳು, ಅವಳನ್ನು ದಾಟಿತು. ನನ್ನ ಬುರ್ಖಾ ನೋಡಿ ನನ್ನನ್ನೂ ದಾಟಿತು.

ನನಗೆ ಮೈಯೆಲ್ಲ ಉರಿಯಿತು. ತಟ್ಟೆ ಬರಲಿಲ್ಲ ಎಂದಲ್ಲ. ನಮ್ಮವರೇ ಒಬ್ಬೊಬ್ಬರಾಗಿ ಕೆನ್ನೆಗೆ ಅರಿಶಿನ ಹಚ್ಚಿಕೊಳ್ಳುತ್ತಿದ್ದರಲ್ಲ, ಅದನ್ನು ನೋಡಲಾಗಲಿಲ್ಲ. ನನ್ನ ಪಕ್ಕದ ಮಿಷನ್ನಿನ ರಮ್ಯಶ್ರೀಗೆ, "ಚಿಟಿಕೆ ಕುಂಕುಮಕ್ಕೆ ಸಾಕಮ್ಮನ್ನ ಮಾರ್ಕೊಂಡ್ರಾ?" ಎಂದೆ. ಅವಳು ತಟ್ಟೆಯಿಂದ ಕುಂಕುಮ ತೆಗೆದು ಹಣೆಗಿಟ್ಟುಕೊಂಡಳು.

"ಸುಮ್ಕಿರು ಮೆಹನಾಜ್. ಹಬ್ಬದ ದಿನ ಎಂಗೆ ಬ್ಯಾಡ ಅಂದಾರು, ಬುಡು" ಎಂದಳು ಸಾಕಮ್ಮ.

ಎಲ್ಲರದೂ ಮುಗಿದ ಮೇಲೆ ರಮ್ಯಶ್ರೀ ಸೀರೆ ಕೊಡವಿಕೊಂಡು ಎದ್ದಳು. ಹಿಂದೆಯೇ ಉಳಿದವರೂ ಎದ್ದರು. ಮೇಡಂ ನಗುತ್ತಾ ಗೇಟು ತೆಗೆಸಿದರು. ರಮ್ಯಶ್ರೀ ಅತ್ತ ಹೋಗದೆ ರಸ್ತೆಯ ಕಡೆ ತಿರುಗಿದಳು.

"ಬತ್ತೀವಿ ಮೇಡಂ."

"ಎಲ್ಲಿಗೆ?"

"ಮನೆಗೆ ಕಣ್ರೀ. ಅರಿಶಿಣ ಕುಂಕ್ಮ ಕೊಟ್ಟ ಮ್ಯಾಲೆ ಯಾರಾದ್ರೂ ಉಳ್ಕತಾರಾ? ನೀವೇ ಕೊಟ್ಟು ಕಳಿಸ್ತಾ ಇದ್ದೀರಿ."

ಯಾರ ಮನೆಗೆ ಹೋದರೂ ಕುಂಕುಮ ಕೊಡುವುದು ಹೊರಡುವ ಹೊತ್ತಿಗೇ. ಅದು ನನಗೂ ಗೊತ್ತು. ಮೇಡಂಗೆ ಗೊತ್ತಿಲ್ಲದೆ ಏನು, ಆತುರದಲ್ಲಿ ಮರೆತಿದ್ದರು. ಪಿರಿಯಾಪಟ್ಟಣದವರು, ಬೆಟ್ಟದಪುರದವರು ಎಲ್ಲ ಬಸ್ ಸ್ಟಾಪಿನ ಕಡೆ ನಡೆದರು. ರಮ್ಯಶ್ರೀ ನನ್ನ ಹೆಗಲು ಮುಟ್ಟಿ, "ನಾಳೆ ಬತ್ತೀವಿ, ಜಾಗ ಬಿಟ್ಟುಕೊಡ್ಬ್ಯಾಡ ಕಣೆ" ಎಂದಳು. ನಾನು ಅಂದ ಮಾತಿಗೆ ನನಗೇ ನಾಚಿಕೆಯಾಯಿತು.

ಹೊಲಿದಷ್ಟಾದರೂ ಹೋಗಲಿ ಎಂದು ಮ್ಯಾನೇಜರ್ ಕಂಟೇನರ್ ಹೊರಡಿಸಿದ. ಗೇಟಿನ ನಡುವೆ ನಾವಿಬ್ಬರೇ ಕೂತಿದ್ದೆವು.

"ನೀವೂ ಏಳಿ, ಗಾಡಿ ಹೋಗಬೇಕು" ಎಂದ ಮ್ಯಾನೇಜರ್.

"ಅವ್ರಿಗೆ ಕೊಟ್ರಿ, ಅವ್ರು ಎದ್ದೋದ್ರು" ಎಂದಳು ಸಾಕಮ್ಮ. "ನಮ್ಗೇನೂ ಕೊಟ್ಟಿಲ್ವಲ್ಲ ಸಾರ್. ನನ್ ಕಾರ್ಡ್ ಕೊಡಿ, ಎದ್ದೋಯ್ತೀನಿ."

ಕಂಟೇನರ್ ಹಾರ್ನ್ ಹೊಡೆಯಿತು. ಮೇಡಂ ಖಾಲಿ ತಟ್ಟೆ ಹಿಡಿದು ನಿಂತೇ ಇದ್ದರು. ನಾನು ಸಾಕಮ್ಮನ ಪಕ್ಕಕ್ಕೆ ಸರಿದು, ಚಕ್ರದ ಮುಂದೆ ಕಾಲು ಚಾಚಿ ಕೂತೆ.