ಫ್ಲೋಟ್ ಪದದ ಮೊದಲನೆಯ ಅರ್ಥ

ಸರಸ್ವತಿ ಶಿವಮೊಗ್ಗದ ಆ ಸರ್ಕಾರಿ ಕಚೇರಿಯ ಟೆಂಡರ್ ಶಾಖೆಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಶಾಲೆಗೆ ಬೆಂಚು, ಆಸ್ಪತ್ರೆಗೆ ಮಂಚ, ರಸ್ತೆಗೆ ದೀಪ, ಯಾವ ಕಡತ ಮೇಜಿಗೆ ಬಂದರೂ ಟಿಪ್ಪಣಿಯ ಕೊನೆಗೆ ಅವಳು ಬರೆಯುವ ವಾಕ್ಯ ಒಂದೇ: ‘ಟೆಂಡರ್ ಫ್ಲೋಟ್ ಮಾಡಬಹುದು.’

ಶಾಖೆಗೆ ಹೊಸದಾಗಿ ಸೇರಿದ್ದ ಮೇಧಾ ಎಂಬ ಹುಡುಗಿ ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದವಳೇ ಆ ವಾಕ್ಯದ ಮೇಲೆ ಒದ್ದೆ ಬೆರಳಿಟ್ಟಳು.

“ಮೇಡಂ, ಫ್ಲೋಟ್ ಅಂದ್ರೆ ತೇಲೋದಲ್ವಾ? ಟೆಂಡರ್ ಎಲ್ಲಿ ತೇಲುತ್ತೆ?”

“ಹಾಗಲ್ಲ ಕಣೇ. ಇಲ್ಲಿ ಕರೆಯೋದು ಅಂತ ಅರ್ಥ.”

“ಮತ್ತೆ ಕರೆಯೋದು ಅಂತಲೇ ಬರೀಬಹುದಲ್ಲ?”

ಸರಸ್ವತಿ ಬೀರುವಿನಲ್ಲಿದ್ದ ಹಳೆಯ ಇಂಗ್ಲಿಷ್-ಕನ್ನಡ ನಿಘಂಟು ತೆಗೆದು ಧೂಳು ಕೊಡವಿದಳು. ಆ ಒಂದು ಕ್ರಿಯಾಪದಕ್ಕೆ ಅರ್ಧ ಪುಟ ಅರ್ಥಗಳಿದ್ದವು. ಕಂಪನಿ ಹುಟ್ಟುಹಾಕುವುದೂ ಅದೇ, ಸುದ್ದಿ ತೇಲಿಬಿಡುವುದೂ ಅದೇ. ರೂಪಾಯಿಯ ಬೆಲೆ ಪೇಟೆಗೆ ತಕ್ಕಂತೆ ಏರಿಳಿಯುವುದಕ್ಕೂ ಅದೇ ಪದ. ಎಲ್ಲಕ್ಕಿಂತ ಮೇಲೆ, ಒಂದನೆಯ ಅಂಕಿಯ ಪಕ್ಕದಲ್ಲಿ, ಸಣ್ಣದಾಗಿ ಬರೆದಿತ್ತು: ಮುಳುಗದೆ ನೀರಿನ ಮೇಲಿರು.

“ನೀವು ಯಾವತ್ತಾದ್ರೂ ತೇಲಿದ್ದೀರಾ ಮೇಡಂ?” ಎಂದಳು ಮೇಧಾ.

“ಇಲ್ಲ” ಎಂದಳು ಸರಸ್ವತಿ. ಅಂದ ಮೇಲೆ ಆ ಮಾತು ಅವಳನ್ನು ಬಿಡಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ. ಅಣ್ಣ ಜನಾರ್ದನ ಗೆಳೆಯರನ್ನು ಕಟ್ಟಿಕೊಂಡು ಹೊಳೆಗೆ ಹೋದರೆ ಇವಳು ಮೆಟ್ಟಿಲ ಮೇಲೆ ಕುಳಿತು ಅವರ ಅಂಗಿಗಳನ್ನು ಕಾಯುತ್ತಿದ್ದಳು. ಈಜಿ ದಣಿದ ಹುಡುಗರು ಅಂಗಾತ ಮಲಗುತ್ತಿದ್ದರು. ಮುಖಗಳಷ್ಟೇ ಕಾಣುತ್ತಿದ್ದವು, ಕಣ್ಣು ಮುಚ್ಚಿದ ಮುಖಗಳು. ನೀರಿನೊಳಗೆ ಅವರಿಗೆ ಏನು ಕೇಳಿಸುತ್ತಿರಬಹುದು ಎಂದು ಅವಳು ಆಗ ಯೋಚಿಸುತ್ತಿದ್ದಳು. ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಕಡತಗಳ ನಡುವೆ, ಅದೇ ಯೋಚನೆ ಮತ್ತೆ ಬಂತು.

ಮರುವಾರ ಅವಳು ಮೇಧಾಳ ಜೊತೆ ಈಜುಕೊಳದ ಬೆಳಗಿನ ಲೇಡೀಸ್ ಬ್ಯಾಚಿಗೆ ಸೇರಿದಳು. ಮೊಣಕಾಲು ಮುಚ್ಚುವ ಈಜುಡುಗೆ ತೊಟ್ಟು ನಾಚಿ, ಟವೆಲ್ ಸುತ್ತಿಕೊಂಡೇ ನೀರಿನ ಅಂಚಿನವರೆಗೆ ನಡೆದಳು. ಕಲಿಸುವವಳು ಸುಶ್ಮಿತಾ, ಮೂವತ್ತು ದಾಟಿರದ ಗಟ್ಟಿ ದನಿಯ ಹುಡುಗಿ.

“ಹೊಟ್ಟೆ ಮೇಲೆತ್ತಿ ಮೇಡಂ. ಕಿವಿ ಮುಳುಗ್ಲಿ. ಆಕಾಶ ನೋಡಿ.”

ಕಿವಿಗೆ ನೀರು ತಾಗಿದ ಕೂಡಲೇ ಸರಸ್ವತಿ ಕತ್ತು ಎತ್ತುತ್ತಿದ್ದಳು. ಕತ್ತೆತ್ತಿದರೆ ಸೊಂಟ ಇಳಿಯುತ್ತಿತ್ತು, ಸೊಂಟ ಇಳಿದರೆ ಮೂಗಿಗೆ ನೀರು. ಹನ್ನೊಂದು ದಿನ ಹೀಗೇ ಹೋಯಿತು.

“ನೀವು ಏನೋ ಮಾಡೋಕೆ ಹೋಗ್ತೀರಿ. ಇದ್ರಲ್ಲಿ ಮಾಡೋಕೆ ಏನೂ ಇಲ್ಲ” ಎಂದಳು ಸುಶ್ಮಿತಾ. ಮಾಡುವುದೊಂದನ್ನೇ ಬಲ್ಲ ಸರಸ್ವತಿಗೆ ಅದು ಅರ್ಥವಾಗಲಿಲ್ಲ.

ಭಾನುವಾರ ಬಸ್ಸು ಹತ್ತಿ ಅಣ್ಣನ ಮನೆಗೆ ಹೋದಳು. ವಿಷಯ ಕೇಳಿ ಜನಾರ್ದನ ಹೊಟ್ಟೆ ಹಿಡಿದು ನಕ್ಕ.

“ಈ ವಯಸ್ಸಲ್ಲಿ ಈಜಾ ಮಾರಾಯ್ತಿ! ಅಷ್ಟು ಆಸೆ ಇದ್ದಿದ್ರೆ ಆಗಲೇ ಕೇಳಬೇಕಿತ್ತು.”

“ಕೇಳಿದ್ದೆ ಅಣ್ಣ. ಅಂಗಿ ಯಾರು ಕಾಯ್ತಾರೆ ಅಂದಿದ್ದೆ ನೀನು.”

ಅವನ ನಗು ನಿಂತಿತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ, ಮತ್ತೆ ಹಾಕಿಕೊಂಡ. ಆಮೇಲೆ ಏನನ್ನಿಸಿತೋ, ಟೀಪಾಯಿಯನ್ನು ಗೋಡೆಗೆ ಸರಿಸಿ, ಅರವತ್ತು ದಾಟಿದ ಮನುಷ್ಯ ನಡುಮನೆಯ ಕೆಂಪು ನೆಲದ ಮೇಲೆ ಅಂಗಾತ ಮಲಗಿಬಿಟ್ಟ.

“ಇಲ್ಲಿ ನೋಡು ಸರಸು. ಕತ್ತಿಗೂ ತಲೆಗೂ ನೀನು ಯಜಮಾನಿ ಅಲ್ಲ. ಅಮ್ಮನ ತೊಡೆ ಮೇಲೆ ತಲೆ ಇಟ್ಟಿದ್ದೀಯ ಅಂದ್ಕೊ. ಭಾರ ಎಲ್ಲ ಅವಳದ್ದು.”

ಕಾಫಿ ತಂದ ಅತ್ತಿಗೆ ವೀಣಾ ಗಂಡ ಬಿದ್ದಿರುವುದನ್ನು ಕಂಡು, “ಅಯ್ಯೋ, ಏನಾಯ್ತೇ ಇವರಿಗೆ!” ಎಂದು ಕೂಗಿದಳು.

“ಏನೂ ಇಲ್ಲ, ತೇಲ್ತಾ ಇದ್ದೀನಿ” ಎಂದ ಜನಾರ್ದನ ನೆಲದಿಂದಲೇ.

ಸರಸ್ವತಿ ಸೆರಗು ಸರಿಮಾಡಿಕೊಂಡು ಅವನ ಪಕ್ಕದಲ್ಲಿ ಮಲಗಿದಳು. ನೆಲ ತಣ್ಣಗಿತ್ತು. ಮೇಲೆ ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಅಣ್ಣ ತಂಗಿ ಹಾಗೇ ಮಲಗಿದ್ದರು. ಕಾಫಿ ಆರಿತು.

ಮರುದಿನ ಬೆಳಿಗ್ಗೆ ಕೊಳದ ನೀರು ಇನ್ನೂ ಬೂದು ಬಣ್ಣದಲ್ಲಿತ್ತು. ಅವಳು ಹಿಂದಕ್ಕೆ ವಾಲಿದಳು. ಕಿವಿ ತುಂಬಿಕೊಂಡಿತು. ಹೆಂಗಸರ ಹರಟೆ, ಸುಶ್ಮಿತಾಳ ಸೀಟಿ, ಹೊರಗಿನ ಆಟೋಗಳು, ಎಲ್ಲ ಯಾವುದೋ ದೂರದ ಊರಿನವಾದವು. ಒಳಗಿನಿಂದ ತನ್ನದೇ ಉಸಿರು ಕೇಳಿಸಿತು, ಯಾರೋ ಪಕ್ಕದ ಕೋಣೆಯಲ್ಲಿ ಹಾಯಾಗಿ ನಿದ್ದೆ ಮಾಡುತ್ತಿರುವಂತೆ. ಕೈಗಳು ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತೆಂದು ತಿಳಿಯಲಿಲ್ಲ. ಮೇಲೊಂದು ಬೆಳ್ಳಕ್ಕಿ ಹೋಯಿತು. ಅದು ಹೋದ ದಿಕ್ಕು ಯಾವುದು, ರವೀಂದ್ರನಗರದ ತನ್ನ ಮನೆ ಯಾವ ಕಡೆ, ಗಂಟೆ ಎಷ್ಟು, ಒಂದನ್ನೂ ಅವಳು ಕೇಳಿಕೊಳ್ಳಲಿಲ್ಲ. ಆಕಾಶ ನಿಧಾನವಾಗಿ ಅವಳ ಕಾಲಿನ ಕಡೆಗೆ ಸರಿಯುತ್ತಿತ್ತು. ಸರಿಯುತ್ತಿರುವುದು ತಾನೇ ಎಂದು ಗೊತ್ತಾಗುವ ಹೊತ್ತಿಗೆ ಆಚೆಯ ಗೋಡೆ ಮೆಲ್ಲಗೆ ನೆತ್ತಿಗೆ ತಾಗಿತು.

ಎದ್ದು ನಿಂತಾಗ ಈಚೆ ದಡದಲ್ಲಿ ಮೇಧಾ ಚಪ್ಪಾಳೆ ತಟ್ಟುತ್ತಿದ್ದಳು.

ಹೊರಗೆ ಬಂದ ಮೇಲೆ ಸರಸ್ವತಿಗೆ ತಡೆಯಲಾರದ ಹಸಿವಾಯಿತು. ಒದ್ದೆ ಕೂದಲಲ್ಲೇ ಇಬ್ಬರೂ ಎದುರಿನ ಕ್ಯಾಂಟೀನಿಗೆ ನುಗ್ಗಿದರು. ಮೇಧಾ ಒಂದು ತಟ್ಟೆ ಇಡ್ಲಿ ಮುಗಿಸುವಷ್ಟರಲ್ಲಿ ಸರಸ್ವತಿ ಎರಡು ಮುಗಿಸಿದ್ದಳು.

“ಮೇಡಂ, ಆಫೀಸಿಗೆ ಲೇಟಾಗುತ್ತೆ.”

“ಆಗ್ಲಿ ಬಿಡೇ” ಎಂದು ಸರಸ್ವತಿ ಒಂದು ಮಸಾಲೆದೋಸೆ ಹೇಳಿದಳು.