ಮೂರನೇ ಸಿಲಿಂಡರ್

ಕಾರಿಗೆ ನಲವತ್ತೆರಡು ಸಾವಿರ. ಹೆಸರು ಬದಲಿಸಲು ಬ್ರೋಕರ್‌ಗೆ ಎಂಟುನೂರು. ಪೂಜೆಯ ಹೂವು, ತೆಂಗಿನಕಾಯಿ, ಕುಂಬಳಕಾಯಿಗೆ ಅರವತ್ತು. ಇಷ್ಟಕ್ಕೂ ನನಗೆ ಬೇಸರವಿರಲಿಲ್ಲ. ಮೊದಲ ವಾರ ಪೆಟ್ರೋಲಿಗೆ ಹೋದದ್ದನ್ನು ಕೂಡಿಸಿ ನೋಡಿದಾಗ ಮಾತ್ರ, ಏನೋ ಸರಿಯಿಲ್ಲ ಅನ್ನಿಸಿತು.

ಅದು ತೊಂಬತ್ತೊಂಬತ್ತನೇ ಇಸವಿ. ಪುರಸವಾಕ್ಕಂನಲ್ಲಿ ನನ್ನದೊಂದು ಸಣ್ಣ ಊಟದ ಮೆಸ್ ಇತ್ತು. ಕೋಯಂಬೇಡು ಮಾರ್ಕೆಟ್ಟಿನಿಂದ ತರಕಾರಿ ತರಲು ಗಾಡಿ ಬೇಕಿತ್ತು. ಅಕ್ಕ ಸರಸಳ ಗಂಡ, ನನ್ನ ಭಾವ ಭೋಜರಾಜರು ತಮ್ಮ ಹಳೆಯ ಫಿಯಟ್ ಕೊಡುತ್ತೇನೆಂದರು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ತಾಂಬರಂ ಸ್ಟೇಷನ್ ಎದುರು ಹೋಟೆಲು ತೆರೆಯಲು ಭಾವ ಜಾಗ ನೋಡಿದ್ದರು. ಅರ್ಧ ಪಾಲು ನನ್ನದು. ನನ್ನ ಉಳಿತಾಯವೆಲ್ಲ, ಹೆಂಡತಿ ಬೇಬಿಯ ಬಳೆಗಳೂ ಸೇರಿ, ದಸರಾ ಕಳೆದ ಮೇಲೆ ಅಡ್ವಾನ್ಸ್ ಆಗಿ ಹೋಗುವುದಿತ್ತು.

ಮೆಸ್ ಹಾಕುವ ಮೊದಲು ಹತ್ತು ವರ್ಷ ನಾನು ಟ್ಯಾಕ್ಸಿ ಓಡಿಸಿದವನು. ಬೇರೆ ಯಾರ ಕಾರಾದರೂ ಬಾನೆಟ್ ಎತ್ತದೆ ಮುಟ್ಟುತ್ತಿರಲಿಲ್ಲ. ಆದರೆ ಈ ಕಾರು ತರಲು ಹೋದ ದಿನ ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳೆದುರು ಅವಳ ಗಂಡನ ಕಾರಿನ ಬಾನೆಟ್ ಎತ್ತುವುದೂ ಒಂದೇ, ಅವರ ಜೇಬಿಗೆ ಕೈ ಹಾಕಿ ನೋಡುವುದೂ ಒಂದೇ.

“ಇಂಜಿನ್ ನಿಲ್ಲಿಸ್ಬೇಡ ಕಿಟ್ಟಣ್ಣ,” ಎಂದರು ಭಾವ. “ಪೂಜೆ ಆಗುವಾಗ ಗಾಡಿ ಮಾತಾಡ್ತಾ ಇರ್ಬೇಕು.”

ಗಾಡಿ ಮಾತಾಡುತ್ತಲೇ ಇತ್ತು, ಸ್ವಲ್ಪ ಜೋರಾಗಿಯೇ. ನಿಂತಲ್ಲಿ ಅಷ್ಟು ವೇಗ ಬೇಡವಲ್ಲ ಅಂದುಕೊಂಡೆ. ಬಾಯಿ ಬಿಡಲಿಲ್ಲ.

ಪೆಟ್ರೋಲಿನ ಲೆಕ್ಕ ನೋಡಿದ ಮೇಲೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಆ ವೇಗ ಇಳಿಸಿದೆ. ಆಗ ನಿಜ ಹೊರಬಿತ್ತು. ಓಡುವಾಗ ಏನೂ ಇಲ್ಲ, ನಿಂತ ಕೂಡಲೇ ಮಲೇರಿಯಾ ಬಂದವರ ಹಾಗೆ ನಡುಕ. ಮರುದಿನ ಸಿಗ್ನಲ್ಲಿನಲ್ಲಿ ಇಂಜಿನ್ ಸತ್ತೇಹೋಯಿತು. ಹಿಂದಿನ ಆಟೋದವನು, “ಯೋವ್, ವಂಡಿಯ ಎಡುಯ್ಯಾ!” ಎಂದು ಗಾಡಿ ತೆಗೆಯಲು ತಮಿಳಿನಲ್ಲಿ ಕಿರುಚಿದ. ಟೊಮ್ಯಾಟೊ ಬುಟ್ಟಿಗಳ ಸಮೇತ ಕಾರನ್ನು ಪಕ್ಕಕ್ಕೆ ತಳ್ಳಿದೆ.

ಭಾನುವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಕಾರನ್ನು ಮೆಸ್ಸಿನ ಹಿಂದೆ ನಿಲ್ಲಿಸಿ ಸ್ಟಾರ್ಟ್ ಮಾಡಿದೆ. ಬೇಬಿ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು.

“ಇದರ ಸೀಟಲ್ಲಿ ಮೊಸರಿಟ್ರೆ ಬೆಣ್ಣೆ ಬರ್ತದೆ. ನಿಮ್ಮ ಭಾವನ ಉಡುಗೊರೆ ಒಳ್ಳೇದುಂಟು.”

“ಉಡುಗೊರೆ ಎಂತದ್ದು, ದುಡ್ಡು ಕೊಟ್ಟಿದ್ದೇನೆ.”

“ಅದೇ ಹೇಳಿದ್ದು.”

ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಸಿಕ್ಕಿಸಿ ನೋಡಿದೆ. ದುಡಿಯುವ ಸಿಲಿಂಡರಿನ ವೈರು ಕಿತ್ತರೆ ಇಂಜಿನ್ ಇನ್ನಷ್ಟು ಕುಸಿಯುತ್ತದೆ. ಒಂದು, ಎರಡು, ನಾಲ್ಕನೆಯದಕ್ಕೆ ಹಾಗೇ ಕುಸಿಯಿತು. ಮೂರನೆಯದನ್ನು ಕಿತ್ತರೆ ಇಂಜಿನ್ನಿಗೆ ಗೊತ್ತೇ ಆಗಲಿಲ್ಲ.

ಇಂಜಿನ್ ಆರಿಸಿ ನಾಲ್ಕೂ ಪ್ಲಗ್ ಬಿಚ್ಚಿದೆ. ಮೂರು ಮಸಿ ಹಿಡಿದಿದ್ದವು. ಮೂರನೇ ಸಿಲಿಂಡರಿನದು ಮಾತ್ರ ಹೊಸದು. ವೈರೂ ಅದೊಂದೇ ಹೊಸದು. ಪ್ಲಗ್ ಅದಲು ಬದಲು ಮಾಡಿದೆ, ವೈರು ಬದಲಿಸಿದೆ. ಏನು ಮಾಡಿದರೂ ಮೂರನೆಯದೇ ಸತ್ತಿತ್ತು. ಮತ್ತೆ ಪ್ಲಗ್ ತೆಗೆದು, ತೂತಿನ ಮೇಲೆ ಹೆಬ್ಬೆರಳಿಟ್ಟು ಬೇಬಿಗೆ ಕೀ ತಿರುಗಿಸಲು ಹೇಳಿದೆ. ಉಳಿದ ಮೂರರಲ್ಲಿ ಗಾಳಿ ಬೆರಳನ್ನು ಎತ್ತಿ ಬಿಸಾಡಿತು. ಇದರಲ್ಲಿ ಬೆರಳಿಗೆ ಉಸಿರು ತಾಗಿದಷ್ಟೇ. ಒಳಗೆ ಒಂದು ಚಮಚ ಎಣ್ಣೆ ಬಿಟ್ಟು ನೋಡಿದರೂ ಒತ್ತಡ ಏರಲಿಲ್ಲ. ಪಿಸ್ಟನ್ನಿನ ರಿಂಗು ಸವೆದಿದ್ದರೆ ಎಣ್ಣೆ ಸಂದು ಮುಚ್ಚಿ ಒತ್ತಡ ಏರುತ್ತಿತ್ತು; ಅಂದರೆ ವಾಲ್ವ್ ಸುಟ್ಟಿದೆ. ಇಂಜಿನ್ನಿನ ಮೇಲಿನ ಮುಚ್ಚಳ, ಹೆಡ್, ಬಿಚ್ಚಲೇಬೇಕು.

ಹಳೆಯ ಇಂಜಿನ್ನಿನಲ್ಲಿ ವಾಲ್ವ್ ಸುಡುವುದು ಯಾರ ತಪ್ಪೂ ಅಲ್ಲ. ಆದರೆ ನನಗಿಂತ ಮೊದಲು ಯಾರೋ ಇದೇ ದಾರಿಯಲ್ಲಿ ಮೂರನೇ ಸಿಲಿಂಡರಿನ ತನಕ ಬಂದಿದ್ದರು. ಹೊಸ ಪ್ಲಗ್, ಹೊಸ ವೈರು ಹಾಕಿ ನೋಡಿದ್ದರು. ಹೆಡ್ಡಿನ ಖರ್ಚು ಕೇಳಿ ಅಲ್ಲಿಗೇ ನಿಲ್ಲಿಸಿ, ನಡುಕ ಕಾಣದಿರಲೆಂದು ಸ್ಕ್ರೂ ಏರಿಸಿ ನನ್ನ ಕೈಗೆ ಕೊಟ್ಟಿದ್ದರು.

ಭಾವ ಮನೆಯಲ್ಲಿಲ್ಲದ ಹೊತ್ತು ನೋಡಿ ಅಕ್ಕನ ಮನೆಗೆ ಹೋದೆ. ಅವಳಿಗೆ ಗೊತ್ತಿರಲಾರದು, ಕಿವಿಗೆ ಹಾಕಿ ಬಂದರೆ ಸಾಕು ಎಂದುಕೊಂಡಿದ್ದೆ. ಅಕ್ಕ ಹುರುಳಿ ಆರಿಸುತ್ತಿದ್ದಳು. ಹೇಳಿದ್ದೆಲ್ಲ ಕೇಳಿದಳು, ಕೈ ನಿಲ್ಲಲಿಲ್ಲ.

“ನಂಗೆ ಗೊತ್ತುಂಟು ಕಿಟ್ಟ. ನಿಂಗೆ ಕೊಡುವ ಅಂತ ಹೇಳಿದ್ದೇ ನಾನು.”

“ಎಂತ ಅಕ್ಕ ನೀನು ಹೇಳುವುದು?”

“ಹೊರಗಿನವರಿಗೆ ಮಾರಿದ್ರೆ ಮರುದಿನವೇ ಬಾಗಿಲಿಗೆ ಬಂದು ಮರ್ಯಾದೆ ತೆಗೀತಿದ್ರು. ನೀನಾದ್ರೆ ಕೆಲಸ ಗೊತ್ತಿದ್ದವ, ಸರಿ ಮಾಡಿಕೊಳ್ತಿ. ಬಾಯಿ ಬಿಡುವವನೂ ಅಲ್ಲ.”

“ಕೇಳಿದ್ರೆ ಸುಮ್ಮನೇ ಕೊಡ್ತಿದ್ದೆನಲ್ಲ, ರಿಪೇರಿ ದುಡ್ಡು.”

“ಹೆಂಡತಿಯ ತಮ್ಮನ ಹತ್ರ ಕೈ ಚಾಚ್ಲಿಕ್ಕೆ ಅವರಿಗೆ ಆಗುದಿಲ್ಲ.”

ಅವಳ ದನಿಯಲ್ಲಿ ನಾಚಿಕೆ ಇರಲಿಲ್ಲ. ನನ್ನನ್ನು ಹೊಗಳಿದ ಹಾಗೆಯೇ ಹೇಳಿದ್ದಳು.

“ಹಾಗಾದ್ರೆ ತಾಂಬರಂ ಬೇಡ ಅಕ್ಕ,” ಎಂದೆ.

ಆಗ ಅವಳ ಕೈ ನಿಂತಿತು. “ಒಂದು ಹಳೇ ಕಾರಿಗೋಸ್ಕರವಾ?”

“ಕಾರು ನಾನು ಸರಿ ಮಾಡಿಕೊಳ್ತೇನೆ. ಹೋಟೆಲಿನ ಲೆಕ್ಕದಲ್ಲೂ ನಾನು ಬಾಯಿ ಬಿಡುವವನಲ್ಲ ಅಂತ ನಿಮಗೆ ಈಗಲೇ ಗೊತ್ತುಂಟಲ್ಲ.”

“ಬೇಬಿ ಹೇಳಿಕೊಟ್ಟದ್ದಾ ಇದು?”

ಎದ್ದು ಬಂದೆ.

ಪುದುಪೇಟೆಯ ಗ್ಯಾರೇಜಿನಲ್ಲಿ ಹೆಡ್ ಬಿಚ್ಚಿಸಿ, ವಾಲ್ವ್ ಬದಲಿಸಿ, ಅದು ಕೂರುವ ಅಂಚು ತಿಕ್ಕಿಸಿದೆ. ನಾಲ್ಕು ಸಾವಿರದ ಇನ್ನೂರಾಯಿತು. ತಾಂಬರಂ ಹೋಟೆಲನ್ನು ಭಾವ ಬೇರೊಬ್ಬರನ್ನು ಸೇರಿಸಿಕೊಂಡು ತೆರೆದರು. ಅದು ಚೆನ್ನಾಗಿ ನಡೆಯಿತು. ಆ ಪಾಲುದಾರ ಮೋಸ ಹೋದನೆಂಬ ಸುದ್ದಿಯನ್ನು ನಾನು ಕೇಳಿಲ್ಲ. ಅಕ್ಕನ ಮಗಳು ಪ್ರಣಮ್ಯಾಳ ಮದುವೆಗೆ ನಮಗೆ ಕರೆ ಬರಲಿಲ್ಲ. ಬೇಬಿಯ ಬಳೆಗಳು ಅವಳ ಕೈಯಲ್ಲೇ ಇವೆ. ಕಾರು ಆರು ವರ್ಷ ಒಂದು ದಿನವೂ ಕೈಕೊಡದೆ ಓಡಿತು. ನನಗಿದ್ದವಳು ಒಬ್ಬಳೇ ಅಕ್ಕ, ಅವಳು ನನ್ನಿಂದ ದೂರವಾದಳು.