ಇಬ್ಬರೂ ಸೇರಿ ಮಾಡಿದರೆ

"ನಂಗೆ ಮೂರೇ ಗಂಟೆ ಬರುತ್ತೆ ಅತ್ತೆ. ಪುಸ್ತಕದಲ್ಲಿ ಎರಡು ಅಂತಿದೆ. ಪುಸ್ತಕಕ್ಕೇ ತಲೆ ಕೆಟ್ಟಿದೆ," ಎಂದು ಸೊಸೆ ಪೆನ್ನನ್ನು ಇಸ್ತ್ರಿ ಮಾಡಿಟ್ಟ ಬೆಡ್‌ಶೀಟುಗಳ ಮೇಲೆ ಎಸೆದಳು.

ಅತ್ತೆ ಪೆನ್ನು ಎತ್ತಿ ಪಕ್ಕಕ್ಕಿಟ್ಟರು. "ಶಾಯಿ ಹತ್ತಿದ್ರೆ ಆಸ್ಪತ್ರೆಯವರು ಸುಮ್ನೆ ಬಿಡ್ತಾರಾ? ಎಲ್ಲಿ, ಇನ್ನೊಂದ್ಸಲ ಓದು."

ಆ ಇಸ್ತ್ರಿ ಅಂಗಡಿಯಲ್ಲಿ ಒಂದೇ ಮೇಜಿನ ಆಚೀಚೆ ನಿಂತು ದುಡಿಯುವವರು ಇವರಿಬ್ಬರೇ. ನಾಳೆ ಸೊಸೆಗೆ ಕ್ಲರ್ಕ್ ಕೆಲಸದ ಪರೀಕ್ಷೆ. ಹಿಂದೆ ಎರಡು ಸಲ ಲೆಕ್ಕದಲ್ಲೇ ಮುಗ್ಗರಿಸಿದ್ದಾಳೆ. ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತದೆ, ಇನ್ನೊಂದು ಅವಕಾಶವಿಲ್ಲ.

"ಒಂದು ಕೆಲಸಾನ ಒಬ್ಬಳು ಮೂರು ಗಂಟೇಲಿ ಮುಗಿಸ್ತಾಳೆ, ಇನ್ನೊಬ್ಬಳು ಆರು ಗಂಟೇಲಿ. ಇಬ್ರೂ ಸೇರಿ ಮಾಡಿದ್ರೆ ಎಷ್ಟು ಹೊತ್ತು? ಅರ್ಧರ್ಧ ಹಂಚಿಕೊಂಡ್ರೆ ನಿಧಾನದೋಳಿಗೆ ತನ್ನ ಅರ್ಧಕ್ಕೇ ಮೂರು ಗಂಟೆ ಬೇಕು. ಇನ್ನೊಬ್ಬಳು ಬೇಗ ಮುಗಿಸಿ ಕಾಯ್ತಾಳೆ. ಮೂರು ತಾನೇ?"

ಅಂಗಡಿಯ ಪದ್ಧತಿಯೂ ಅದೇ. ಬೆಳಿಗ್ಗೆ ಗಂಟು ಬಿಚ್ಚಿ ಸರಿಸಮ ಎರಡು ರಾಶಿ ಮಾಡುವುದು, ಯಾರ ರಾಶಿ ಅವರಿಗೆ. ಮಣಿಕಟ್ಟು ಗಟ್ಟಿಯಿದ್ದ ಕಾಲದಲ್ಲಿ ಅತ್ತೆಯೇ ಮಾಡಿದ ನಿಯಮ. ಅದನ್ನು ಬದಲಿಸಿ ಎನ್ನಲು ಮಾಲೀಕನಿಗೂ ಧೈರ್ಯವಿಲ್ಲ.

ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಸೊಸೆಯನ್ನೇ ನೋಡಿದರು. "ಯಾಕೆ ಕಾಯ್ಬೇಕು? ನೀನು ಕಾಯ್ತೀಯಾ?"

"ನಾನಾ?"

"ನಾನು ನೀರು ತರೋಕೆ ಹೋದಾಗೆಲ್ಲ ನನ್ನ ರಾಶಿ ಕರಗುತ್ತೆ, ನಿಂದು ಹಾಗೇ ಇರುತ್ತೆ. ನಂಗೇನು ಕಣ್ಣು ಕಾಣಲ್ವಾ? ಪಾಪ, ಕದಿಯೋಕೆ ನಿಂಗೆ ತೊಂದ್ರೆ ಆಗ್ಬಾರ್ದು ಅಂತ ಬಾಟಲಿ ತುಂಬಿರೋವಾಗ್ಲೂ ನಲ್ಲಿ ಹತ್ರ ಹೋಗ್ತಿದ್ದೆ ಕಣೇ."

ಸೊಸೆಯ ಮುಖ ಕೆಂಪಾಯಿತು. ಅತ್ತೆ ಎಂದರೆ ಅವಳಿಗೆ ಪ್ರಾಣ. ಅವರ ಮನಸ್ಸಿಗೆ ನೋವಾಗಬಾರದೆಂದು ಇಷ್ಟು ಕಾಲ ಅವರ ರಾಶಿಯ ಬಟ್ಟೆಗಳಿಗೂ ಗುಟ್ಟಾಗಿ ಇಸ್ತ್ರಿ ಮಾಡಿಕೊಂಡು ಬಂದಿದ್ದಳು. ಆಮೇಲೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪೆನ್ನು ಎಳೆದುಕೊಂಡಳು. ಯಾರೂ ಕಾಯದಿದ್ದರೆ ಗಂಟೆಗೆ ಒಬ್ಬಳಿಂದ ಮೂರನೇ ಒಂದು ಪಾಲು, ಇನ್ನೊಬ್ಬಳಿಂದ ಆರನೇ ಒಂದು ಪಾಲು. ಸೇರಿಸಿದರೆ ಅರ್ಧ ಕೆಲಸ.

"ಎರಡೇ ಗಂಟೆ!" ಎಂದು ಕೂಗಿದವಳ ದನಿ ಮರುಕ್ಷಣವೇ ಇಳಿಯಿತು. "ನಾನು ಪಾಸಾದ್ರೆ ಇಲ್ಲಿ ನೀವೊಬ್ರೇ ಅತ್ತೆ. ಪೂರ್ತಿ ಆರು ಗಂಟೆ."

"ಆರಾಗ್ಲಿ, ಎಂಟಾಗ್ಲಿ, ನಿಂಗ್ಯಾಕೆ? ಮುಂದಿನ ಲೆಕ್ಕ ಓದು."

ಅತ್ತೆ ಸೊಸೆಯ ರಾಶಿಯನ್ನೂ ಎರಡು ಕೈಯಲ್ಲಿ ಬಾಚಿ ತಮ್ಮ ಕಡೆಗೆ ಎಳೆದುಕೊಂಡರು. ಸೊಸೆಯ ಕೈ ತನಗೆ ತಾನೇ ಒಂದು ಬೆಡ್‌ಶೀಟಿನ ಅಂಚಿಗೆ ಹೋಯಿತು. ಅತ್ತೆ ಆ ಕೈಗೆ ಫಟ್ಟನೆ ಒಂದು ಕೊಟ್ಟು, ಆ ಬೆಡ್‌ಶೀಟನ್ನೇ ಮೇಜಿನ ಉದ್ದಕ್ಕೂ ಹರಡಿದರು.